ಖೂನಿ ಕೇಸು ‘ಸದೋಷ ಮನುಷ್ಯವಧ’ ಆಗುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಕಳೆದ ವರ್ಷ ಅಂಧೇರಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಿಮ್ಮ ಚಿಕ್ಕಪ್ಪನ ಮಗನಿಗೂ ಜೊತೆಯ ಹುಡುಗನೊಬ್ಬನಿಗೂ ಜಗಳ ಹತ್ತಿತು. ಆ ಹುಡುಗ ಕೈಗೆ ಸಿಕ್ಕ ಕಬ್ಬಿಣದ ಸೌಟಿನಿಂದ ತಲೆಗೆ ಹೊಡೆದ. ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಪೊಲೀಸರು ಮೊದಲು ಕೊಲೆ ಕೇಸು ಹಾಕಿದರು, ಮರಾಠಿ ಚಾರ್ಜ್‌ಶೀಟಿನಲ್ಲಿ ನೋಡಿದರೆ ‘ಸದೋಷ ಮನುಷ್ಯವಧ’ ಎಂದಿದೆ. ಸತ್ತದ್ದು ಸತ್ತದ್ದೇ ಅಲ್ವಾ, ದುಡ್ಡು ತಿಂದು ಸೆಕ್ಷನ್ ಬದಲಿಸಿದರಾ ಎಂದು ಕೇಳಿದ್ದೀರಿ.

ದುಡ್ಡಿನ ವಿಷಯ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಯಾರೂ ದುಡ್ಡು ಮುಟ್ಟದೆಯೂ ಹೀಗಾಗುತ್ತದೆ. ನಾನು ಕುಂದಾಪುರ ಕಡೆಯವನು, ಮನೆ ಡೊಂಬಿವಿಲಿಯಲ್ಲಿ. ಹನ್ನೊಂದು ವರ್ಷ ಮುಂಬೈಯಲ್ಲಿ ಒಬ್ಬ ಹಿರಿಯ ಕ್ರಿಮಿನಲ್ ವಕೀಲರ ಜೊತೆ ಕೆಲಸ ಮಾಡಿದೆ. ಹೋಟೆಲ್ ಹುಡುಗರು ಸಾಕ್ಷಿಯಾಗಿ ಬಂದರೆ ಮರಾಠಿ ಕಾಗದ ಓದಿ ಅರ್ಥ ಹೇಳುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ‘ಸದೋಷ’ ಎಂದು ನೋಡಿ, ಕೇಸಿನಲ್ಲೇ ಏನೋ ದೋಷ ಇದೆ ಎಂದು ಗಾಬರಿಯಾದವರನ್ನೂ ಕಂಡಿದ್ದೇನೆ. ಹಾಗಲ್ಲ. ಹೊಡೆದವನ ಮೇಲೆ ಅಪರಾಧದ ಹೊಣೆ ಇದೆ ಎಂದು ಅದರ ಅರ್ಥ. ನಮ್ಮಲ್ಲಿ ಕೊಲೆಯಲ್ಲದ ನರಹತ್ಯೆ ಅನ್ನುತ್ತಾರಲ್ಲ, ಅದೇ.

2024ರ ಜುಲೈ 1ರಿಂದ ಇಂಥ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಅದರಲ್ಲಿ 100ನೇ ಸೆಕ್ಷನ್ ನರಹತ್ಯೆ ಎಂದರೇನು ಎಂದು ಹೇಳುತ್ತದೆ. ಅದರೊಳಗೆ ಯಾವುದು ಕೊಲೆ ಎಂದು ಹೇಳುವುದು 101. ಕೊಲೆಗೆ 103ರಲ್ಲಿ ಗಲ್ಲು ಅಥವಾ ಜೀವಾವಧಿ. ಕೊಲೆಯಲ್ಲದ ನರಹತ್ಯೆ 105ಕ್ಕೆ ಬರುತ್ತದೆ. ಅಲ್ಲಿಯೂ ಜೀವಾವಧಿ ಕೊಡಬಹುದು. ಸಾಯಿಸುವ ಉದ್ದೇಶ ಇರಲಿಲ್ಲ, ಆದರೆ ಸಾಯಬಹುದು ಎಂದು ಗೊತ್ತಿತ್ತು ಎಂದಾದರೆ ಗರಿಷ್ಠ 10 ವರ್ಷ. ಬರೀ ಅಜಾಗರೂಕತೆಯ ಸಾವು 106, ಅದು ಬೇರೆಯೇ. ಹಾಗಾಗಿ ನಿಮ್ಮ ಕೇಸು ಬಿದ್ದುಹೋಯಿತು ಎಂದು ತಿಳಿಯಬೇಡಿ.

ಈ ಗೆರೆ ಎಳೆದ ಒಂದು ಹಳೇ ತೀರ್ಪು ನಮ್ಮ ಬಾಂಬೆ ಹೈಕೋರ್ಟಿನದೇ, 1876ರದು. ಸಾತಾರ ಕಡೆಯ ಗೋವಿಂದ ಎಂಬ ಹದಿನೆಂಟರ ಹುಡುಗ ಹದಿನೈದರ ಹೆಂಡತಿಯನ್ನು ಕೆಡವಿ, ಎದೆ ಮೇಲೆ ಮಂಡಿಯೂರಿ, ಮುಖಕ್ಕೆ ಎರಡು ಮೂರು ಗುದ್ದು ಕೊಟ್ಟ. ಮಿದುಳಲ್ಲಿ ರಕ್ತಸ್ರಾವವಾಗಿ ಅವಳು ಸತ್ತಳು. ಸೆಷನ್ಸ್ ಕೋರ್ಟು ಕೊಲೆ ಎಂದಿತು. ಹೈಕೋರ್ಟಿನ ನ್ಯಾಯಮೂರ್ತಿ ಮೆಲ್ವಿಲ್ ಆಗಿನ ಕಾನೂನಿನ ನರಹತ್ಯೆ, ಕೊಲೆ ಎರಡೂ ಸೆಕ್ಷನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಗಾಯದಿಂದ ಸಾವು ಬರಬಹುದು ಅನ್ನುವುದು ಒಂದು, ಸಾಮಾನ್ಯವಾಗಿ ಸಾವು ಬಂದೇ ಬರುವಂಥ ಗಾಯ ಅನ್ನುವುದು ಇನ್ನೊಂದು. ಇದು ಮೊದಲನೆಯದು, ಹಾಗಾಗಿ ಕೊಲೆಯಲ್ಲ ಎಂದರು. ಓದಿದರೆ ಆ ಹುಡುಗಿಗಾಗಿ ಇವತ್ತೂ ಹೊಟ್ಟೆ ಉರಿಯುತ್ತದೆ. ಆದರೆ ಸುಮಾರು 150 ವರ್ಷಗಳಿಂದ ವಕೀಲರು ಅಳೆಯುತ್ತಿರುವುದು ಹೆಚ್ಚುಕಡಿಮೆ ಅದೇ ಗಜಕಡ್ಡಿಯಲ್ಲಿ.

ಅದಕ್ಕೇ ಹೇಳುವುದು, ನಿಮ್ಮ ಕೇಸಿನಲ್ಲಿ ಎಲ್ಲಕ್ಕಿಂತ ಮುಖ್ಯ ಪೋಸ್ಟ್‌ಮಾರ್ಟಂ ವರದಿ. ತಲೆಬುರುಡೆ ಎಷ್ಟು ಒಡೆದಿದೆ, ಏಟು ಎಷ್ಟು ಬಿದ್ದಿದೆ, ಆ ಗಾಯವೊಂದೇ ಸಾವಿಗೆ ಸಾಕಾಗಿತ್ತೇ? ‘ಒಂದೇ ಏಟು, ಕೊಲೆಯಾಗಲ್ಲ’ ಎಂದು ಆಚೆ ಕಡೆಯವರು ಹೇಳಿದರೆ ಒಪ್ಪಬೇಡಿ. 1958ರ ವಿರ್ಸಾ ಸಿಂಗ್ ತೀರ್ಪಿನಲ್ಲಿ ಹೊಟ್ಟೆಗೆ ಬಿದ್ದದ್ದು ಭರ್ಜಿಯ ಒಂದೇ ತಿವಿತ. ಸುಪ್ರೀಂ ಕೋರ್ಟು ಕೊಲೆ ಎಂದೇ ಹೇಳಿತು.

ಇನ್ನೊಂದು ದಾರಿ ‘ಹಠಾತ್ ಜಗಳ’ದ ವಿನಾಯಿತಿ. ಮೊದಲೇ ಯೋಚಿಸಿರಬಾರದು, ಸಿಟ್ಟಿನ ಭರದಲ್ಲಿ ಆಗಿರಬೇಕು, ಕ್ರೂರವಾಗಿ ನಡೆದುಕೊಂಡಿರಬಾರದು. ಪೊಲೀಸರು ನಿಮ್ಮ ಕೇಸಿನಲ್ಲಿ ಇದನ್ನೇ ಹಿಡಿದಿರಬೇಕು ಅನ್ನಿಸುತ್ತದೆ, ಯಾಕೆಂದರೆ ಸೌಟು ಅಲ್ಲೇ ಇದ್ದದ್ದು. ಹೊರಗೆ ಹೋಗಿ ಚಾಕು ತಂದಿದ್ದರೆ ಕಥೆಯೇ ಬೇರೆ. ಇದೇ ಮುಂಬೈಯ 1959ರ ನಾನಾವತಿ ಕೇಸು ನೋಡಿ. ಅಲ್ಲಿ ಚರ್ಚೆಯಾದದ್ದು ಹಠಾತ್ ಜಗಳವಲ್ಲ, ಹಠಾತ್ ಪ್ರಚೋದನೆಯ ವಿನಾಯಿತಿ. ಆದರೂ ಸಿಟ್ಟಿನ ಭರದ ಲೆಕ್ಕ ಅದೇ. ಅವರು ಐಎನ್‌ಎಸ್ ಮೈಸೂರು ಹಡಗಿನ ಅಧಿಕಾರಿ. (ಹೌದು, ನಮ್ಮ ಮೈಸೂರಿನ ಹೆಸರೇ.) ತನಗೆ ಇನ್ನೊಬ್ಬನ ಜೊತೆ ಸಂಬಂಧ ಇದೆ ಎಂದು ಹೆಂಡತಿ ಹೇಳಿದ ಮೇಲೆ ಹಡಗಿಗೆ ಹೋಗಿ ರಿವಾಲ್ವರ್ ತಂದು ಅವನನ್ನು ಗುಂಡು ಹಾರಿಸಿ ಕೊಂದರು. ಜ್ಯೂರಿಯ ಒಂಬತ್ತರಲ್ಲಿ ಎಂಟು ಜನ ತಪ್ಪಿಲ್ಲ ಎಂದರು. ಹೈಕೋರ್ಟು ಒಪ್ಪಲಿಲ್ಲ. 1961ರಲ್ಲಿ ಸುಪ್ರೀಂ ಕೋರ್ಟು, ನಡುವೆ ಸಿಟ್ಟು ಇಳಿಯಲು ಸುಮಾರು ಮೂರು ಗಂಟೆ ಇತ್ತಲ್ಲ ಎಂದು ಕೊಲೆಯನ್ನೇ ಎತ್ತಿಹಿಡಿಯಿತು.

ಈಗ ನನಗೆ ಜಾಸ್ತಿ ಗೊತ್ತಿರುವ ವಿಷಯ. ಮನಸ್ಸು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಬಾಯಿಂದ ಏನು ಬಂತು ಎಂದು ಎಲ್ಲರೂ ಹುಡುಕುತ್ತಾರೆ. ‘ನಿನ್ನನ್ನು ಕೊಂದುಹಾಕ್ತೇನೆ’ ಅನ್ನುವುದನ್ನು ನಾವು ಮನೆಯಲ್ಲಿ ದಿನಾ ಕೇಳಿ ಬೆಳೆದವರು. ಅಮ್ಮ ಹೇಳಿದರೆ ಹಾಲು ಚೆಲ್ಲಿದೆ ಎಂದರ್ಥ. ಮರಾಠಿ ಹೇಳಿಕೆಯಲ್ಲಿ ಅದೇ ಮಾತು ಕೊಲೆಯ ಉದ್ದೇಶವಾಗಿ ಕೂರುತ್ತದೆ. ‘ಹೊಡೆದ’, ‘ಹೊಡೆದುಬಿಟ್ಟ’, ‘ಹೊಡೆದು ಹಾಕಿದ’, ಈ ಮೂರರಲ್ಲಿ ಎಷ್ಟು ಅಂತರ ಇದೆ ಅಲ್ವಾ? ಒಂದು ಕೇಸಿನಲ್ಲಿ ಠಾಣೆಯವರು ಮೂರಕ್ಕೂ ‘ಮಾರಲೆ’ (ಹೊಡೆದ) ಎಂದು ಒಂದೇ ಪದ ಬರೆದಿದ್ದರು. ಸಾಕ್ಷಿ ಕೋರ್ಟಿನಲ್ಲಿ ‘ಹೊಡೆದು ಹಾಕಿದ’ ಎಂದಾಗ, ಈಗ ಕಥೆ ಕಟ್ಟುತ್ತಿದ್ದಾನೆ ಎಂದು ಎದುರು ವಕೀಲರು ಅವನನ್ನು ಅರ್ಧ ದಿನ ಅರೆದರು.

ಲೆಕ್ಕದಲ್ಲಿಯೂ ಈ ಗೊಂದಲ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ಕ್ಕೆ ಕೊಟ್ಟ ಕೊಲೆ ಕೇಸುಗಳ ಸಂಖ್ಯೆ 28,522. ಕಾರಣಗಳ ಪಟ್ಟಿಯಲ್ಲಿ ಮೊದಲ ಜಾಗ ಜಗಳ ತಕರಾರುಗಳಿಗೆ, 9,962. ಆದರೆ ಇದು ಪೊಲೀಸರು ದಾಖಲಿಸಿದ ಕೇಸುಗಳ ಲೆಕ್ಕ, ಕೋರ್ಟಿನ ತೀರ್ಪುಗಳದ್ದಲ್ಲ. ಕೊಲೆಯಲ್ಲದ ನರಹತ್ಯೆಗೂ ವರದಕ್ಷಿಣೆ ಸಾವಿಗೂ ಬೇರೆ ಬೇರೆ ಸಾಲು. ವಿಶ್ವಸಂಸ್ಥೆಯ 2015ರ ಅಪರಾಧ ವರ್ಗೀಕರಣದಲ್ಲಿ ಹಾಗಿಲ್ಲ. ಸಾಯಿಸುವ ಅಥವಾ ತೀವ್ರ ಗಾಯ ಮಾಡುವ ಉದ್ದೇಶದಿಂದ ಆದ ಸಾವೆಲ್ಲ ಒಂದೇ ಗುಂಪು, ವರದಕ್ಷಿಣೆ ಕೊಲೆಯೂ ಅಲ್ಲೇ. ದೇಶ ದೇಶಗಳ ಕೊಲೆ ಪ್ರಮಾಣ ಹೋಲಿಸುವವರು ಇದನ್ನು ನೋಡದೆ ಸುಮ್ನೆ ವಾದ ಮಾಡುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು. ಚಾರ್ಜ್‌ಶೀಟಿನ ಸೆಕ್ಷನ್ ಕೊನೆಯ ಮಾತಲ್ಲ, ಆರೋಪ ಯಾವುದೆಂದು ನಿರ್ಧರಿಸುವುದು ಜಡ್ಜ್. ಅದಕ್ಕೆ ಮೊದಲೇ ಸರಕಾರಿ ವಕೀಲರನ್ನು ಕಂಡು ಪೋಸ್ಟ್‌ಮಾರ್ಟಂ ವರದಿ ತೋರಿಸಿ, 103 ಯಾಕೆ ಬಿಟ್ಟರು ಎಂದು ಕೇಳಿ. ಜಗಳ ಕಣ್ಣಾರೆ ಕಂಡ ಹುಡುಗರಿಗೆ ಕನ್ನಡವೇ ಸಲೀಸು ಎಂದಾದರೆ ದುಭಾಷಿ ಬೇಕು ಎಂದು ಆಗಲೇ ಹೇಳಿಬಿಡಿ. ಹಿಂದಿಯಲ್ಲಿ ಹೇಗೋ ಸಂಭಾಳಿಸುತ್ತೇವೆ ಅನ್ನುತ್ತಾರೆ ಅವರು. ಬೇಡ ಅನ್ನಿ.