ಆಕೃತಿ ಯಾವುದು, ಹಿನ್ನೆಲೆ ಯಾವುದು: ನೆನಪಿನ ಪಾತ್ರವೇನು?

ಚಿತ್ರವೊಂದರಲ್ಲಿ ಆಕೃತಿಯನ್ನೂ ಹಿನ್ನೆಲೆಯನ್ನೂ ಕಣ್ಣು ಬೇರ್ಪಡಿಸುವಾಗ ನೆನಪಿಗೂ ಪಾಲಿದೆಯೇ ಎಂಬುದು ಪ್ರಶ್ನೆ. ಇದೆ, ಅದೂ ನಾವು ಎಣಿಸುವುದಕ್ಕಿಂತ ಬೇಗ.

ಡೆನ್ಮಾರ್ಕಿನ ಮನೋವಿಜ್ಞಾನಿ ಎಡ್ಗರ್ ರೂಬಿನ್ 1915ರಲ್ಲಿ ಪ್ರಕಟಿಸಿದ, ಒಮ್ಮೆ ಹೂದಾನಿಯಾಗಿ ಒಮ್ಮೆ ಎದುರುಬದುರಾದ ಎರಡು ಮುಖಗಳಾಗಿ ಕಾಣುವ ಚಿತ್ರವನ್ನು ನೀವು ನೋಡಿರುತ್ತೀರಿ. ಗಡಿರೇಖೆ ಒಂದೇ, ಅದು ಯಾವ ಬದಿಗೆ ದಕ್ಕುತ್ತದೋ ಆ ಬದಿಗೆ ಆಕಾರ ಬರುತ್ತದೆ, ಇನ್ನೊಂದು ಹಿಂದೆ ಹರಡಿಕೊಂಡಂತೆ ಕಾಣುತ್ತದೆ. ಚಿಕ್ಕದು, ಸುತ್ತುವರಿದದ್ದು, ಸಮಮಿತಿಯುಳ್ಳದ್ದು ಮುಂದೆ ಬರುತ್ತದೆ, ಗುರುತಿಸುವ ಕೆಲಸ ಆಮೇಲಿನದು ಎಂಬುದು ಬಹುಕಾಲದ ನಂಬಿಕೆ.

ಅಮೆರಿಕದ ಮನೋವಿಜ್ಞಾನಿ ಮೇರಿ ಪೀಟರ್ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ಕ್ರಮವನ್ನೇ ಪ್ರಶ್ನಿಸಿದರು. ಅವರು ತೋರಿಸಿದ ಚಿತ್ರಗಳಲ್ಲಿ, ಗಡಿರೇಖೆಯ ಎರಡು ಬದಿಗಳ ಪೈಕಿ ನಿಂತ ಹೆಂಗಸಿನಂಥ ಪರಿಚಿತ ರೂಪವಿದ್ದ ಬದಿ ನೋಡುಗರಿಗೆ ಹೆಚ್ಚು ಬಾರಿ ಆಕೃತಿಯಾಗಿ ಕಂಡಿತು. ಅದೇ ಚಿತ್ರವನ್ನು ತಲೆಕೆಳಗು ಮಾಡಿದಾಗ ಆ ಒಲವು ಕುಗ್ಗಿತು. ರೇಖೆಯಂತೂ ಬದಲಾಗಿರಲಿಲ್ಲ. ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಇನ್ನೊಂದು: ‘ಇದು ತಲೆಕೆಳಗಾದ ಹೆಂಗಸು’ ಎಂದು ಮೊದಲೇ ತಿಳಿಸಿದರೂ ಒಲವು ಮರಳಲಿಲ್ಲ. ಬರಿಯ ತಿಳಿವಳಿಕೆ ಸಾಲದು. ನೆಟ್ಟಗಿನ ರೂಪವನ್ನು ನೋಡಿ ನೋಡಿ ಮಿದುಳಿನಲ್ಲಿ ಉಳಿದ ಅಚ್ಚೇ ಬೇಕು.

ಹಾಗೆಂದು ನೆನಪು ಸರ್ವಾಧಿಕಾರಿಯೇನಲ್ಲ. ಸಮಮಿತಿಯಂಥ ಸುಳಿವು ಎದುರು ನಿಂತರೆ ಅದು ಸೋಲುವುದೂ ಉಂಟು.