ಹಳೆ ಪಾಠ ಒಪ್ಪಿಸಿದ ಮೇಲೇ ಹೊಸದು

ಸವಣೂರಿನಿಂದ ಪತ್ರ ಬರೆದ ತಮ್ಮಾ,

ನಿನ್ನ ವಯಸ್ಸು ನೋಡಿ ಏಕವಚನದಲ್ಲೇ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ಮದರಸಾದಲ್ಲಿ ಹಿಫ್ಜ್, ಅಂದರೆ ಇಡೀ ಕುರಾನ್ ಬಾಯಿಪಾಠ. ಅದರ 30 ಪಾರಾಗಳಲ್ಲಿ, ಅಂದರೆ ಭಾಗಗಳಲ್ಲಿ, 12 ಮುಗಿದಿವೆ. ಜೊತೆಗೆ ಪಿಯುಸಿ ಎರಡನೇ ವರ್ಷ, ಸೈನ್ಸ್. ಮಿಡ್‌ಟರ್ಮ್‌ನಲ್ಲಿ ಫಿಸಿಕ್ಸ್‌ಗೆ 70ಕ್ಕೆ 24. ಹಿಫ್ಜ್ ಬಿಡಬೇಡ ಅಂತ ಅಬ್ಬಾ, ಒಂದು ವರ್ಷ ಬಿಟ್ಟುಬಿಡು ಅಂತ ಕಾಲೇಜಿನ ಸರ್. ಯಾರ ಮಾತು ಕೇಳಲಿ ಅಂತ ಕೇಳಿದ್ದೀಯ.

ನನ್ನ ಕಣ್ಣು ನಿಂತದ್ದು ಪತ್ರದ ಬೇರೆ ಸಾಲಿನ ಮೇಲೆ. ಮದರಸಾದ ಗುರುಗಳು, ಹಜರತ್ ಮುಂದೆ ದಿನಾ ಮೂರು ಪಾಠ ಒಪ್ಪಿಸುತ್ತೇನೆ ಅಂದಿದ್ದೀಯಲ್ಲ: ಇವತ್ತಿನ ಹೊಸದು ಸಬಕ್, ಮೊನ್ನೆ ಮೊನ್ನೆ ಕಲಿತದ್ದು ಸಬ್ಕಿ, ಹಳೆಯ ಪಾರಾಗಳ ಸರದಿ ಮಂಜಿಲ್. ಹಳೆಯದರಲ್ಲಿ ತಡವರಿಸಿದರೆ ಹೊಸದು ಸಿಗುವುದಿಲ್ಲ. ಈಗ ಹೇಳು, ಫಿಸಿಕ್ಸ್‌ಗೆ ನಿನ್ನ ಮಂಜಿಲ್ ಎಲ್ಲಿದೆ? ಜೂನ್‌ನಲ್ಲಿ ಓದಿದ ಪಾಠವನ್ನು ಮತ್ತೆ ತೆಗೆದದ್ದು ಪರೀಕ್ಷೆಯ ಹಿಂದಿನ ರಾತ್ರಿ, ಅಲ್ವಾ?

ಪೆಟ್ಟು ತಿಂದು ಕಲಿತ ಮಾತು ಇದು. ನಾನು ಧಾರವಾಡದಲ್ಲಿ ಒಂದು ಮಠದ ಪಾಠಶಾಲೆಯಲ್ಲಿದ್ದುಕೊಂಡು ಹೈಸ್ಕೂಲ್ ಓದಿದವನು. ಬೆಳಿಗ್ಗೆ ಐದಕ್ಕೆ ಎದ್ದು ‘ರಾಮಃ ರಾಮೌ ರಾಮಾಃ’ ಒಪ್ಪಿಸದೆ ಉಪ್ಪಿಟ್ಟು ಸಿಗುತ್ತಿರಲಿಲ್ಲ. ಆ ಶಬ್ದರೂಪಗಳು ಈಗಲೂ ಬಾಯಲ್ಲಿವೆ. ಅದೇ ವರ್ಷ ಗಣಿತದಲ್ಲಿ ಫೇಲಾದೆ. ಪಾಠಶಾಲೆಯ ಕಾಟದಿಂದಲೇ ಹೀಗಾಯಿತು ಅಂತ ಬಹಳ ದಿನ ಗೊಣಗಿದೆ. ನಿಜ ಏನೆಂದರೆ, ಗಣಿತವನ್ನು ನಾನು ಯಾರಿಗೂ ಒಪ್ಪಿಸಿರಲಿಲ್ಲ.

ಹಾಗಾಗಿ ದಿನಾ ಅರ್ಧ ಗಂಟೆ ಫಿಸಿಕ್ಸ್‌ನ ಹಳೆ ಪಾಠಕ್ಕೆ ಇಡು. ವೀಟ್‌ಸ್ಟೋನ್ ಬ್ರಿಡ್ಜ್ ತಗೋ, ರೋಧ ಅಳೆಯುವ ಸರ್ಕ್ಯೂಟ್. ಪುಸ್ತಕ ಮುಚ್ಚಿ ಖಾಲಿ ಹಾಳೆ ಮೇಲೆ ಚಿತ್ರ ಬರೆ: ನಾಲ್ಕು ರೋಧ, ನಡುವೆ ಕರೆಂಟ್ ಹರಿಯುತ್ತಿದೆಯೇ ಅಂತ ತೋರಿಸುವ ಗ್ಯಾಲ್ವನೋಮೀಟರ್. ಕರೆಂಟಿನ ಬಾಣ ಹಾಕಿ ಕಿರ್ಚಾಫ್ ನಿಯಮ ಬರೆಯುತ್ತಾ ಹೋಗು. ಪ್ಲಸ್ ಮೈನಸ್ ಎಲ್ಲಿ ತಪ್ಪಿತೋ ಅಲ್ಲಿ ಪೆನ್ಸಿಲ್ ಗುರುತು. ನಾಳೆ ಆ ಗುರುತಿನಿಂದಲೇ ಶುರು.

ಒಂದು ವ್ಯತ್ಯಾಸ ಮರೀಬೇಡ. ಕುರಾನಿನಲ್ಲಿ ಒಂದಕ್ಷರವೂ ಬದಲಾಗುವಂತಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಅಂಕಿಗಳು ಬದಲಾಗಿಯೇ ಬರುತ್ತವೆ. ಸೂತ್ರ ಬಾಯಿಗೆ ಬಂದರೆ ಸಾಲದು. ಬ್ರಿಡ್ಜ್ ಸಮತೋಲನದಲ್ಲಿದ್ದಾಗ ಗ್ಯಾಲ್ವನೋಮೀಟರಿನ ಮುಳ್ಳು ಯಾಕೆ ಅಲುಗಾಡಲ್ಲ ಅಂತ ಮನೆಯಲ್ಲಿ ಯಾರಿಗಾದರೂ ಬಿಡಿಸಿ ಹೇಳಲು ಬರಬೇಕು.

ಇನ್ನು ಅಬ್ಬಾ ಮತ್ತು ಸರ್ ನಡುವಿನ ಎಳೆದಾಟ. ಪೂರ್ತಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. 12 ಪಾರಾಗಳನ್ನು ಒಂದು ವರ್ಷ ಮುಟ್ಟದೆ ಬಿಟ್ಟರೆ ಮತ್ತೆ ಮೊದಲಿಂದ ಕೂರಬೇಕಾದೀತು. ಆದರೆ ಜನವರಿಯಿಂದ ಪರೀಕ್ಷೆ ಮುಗಿಯುವ ತನಕ ಸಬಕ್ ನಿಲ್ಲಿಸಿ ಮಂಜಿಲ್ ಮಾತ್ರ ಇಟ್ಟುಕೋ. ಹಳೆ ಪಾರಾಗಳನ್ನು ಬಸ್ಸಿನಲ್ಲಿ ನಿಂತೂ ಹೇಳಿಕೊಳ್ಳಬಹುದು, ಡೆರಿವೇಶನ್ ಹಾಗಾಗಲ್ಲ. ನಸುಕಿನ ಫಜರ್ ನಮಾಜ್ ಆದ ಮೇಲೆ ಸಬಕ್‌ಗೆ ಹೋಗುತ್ತಿದ್ದ ಹೊತ್ತು ಆಗ ಫಿಸಿಕ್ಸ್‌ಗೆ ಸಿಗುತ್ತದೆ. ರಾತ್ರಿ ಒಂದರವರೆಗೆ ಕೂರುವುದಂತೂ ಸಾಕು ಮಾಡು.

ಇದನ್ನು ನೀನೊಬ್ಬನೇ ತೀರ್ಮಾನಿಸಬೇಡ. ಅಬ್ಬಾರನ್ನು ಕರೆದುಕೊಂಡು ಹೋಗಿ ಹಜರತ್ ಹತ್ತಿರ ಕೇಳು. ಮಾರ್ಕ್ಸ್ ಕಾರ್ಡನ್ನೂ ತೋರಿಸು, ಮುಚ್ಚಿಡಬೇಡ. ಅವರೇನಂದರು ಅಂತ ನನಗೊಂದು ಸಾಲು ಬರೆ.

– ಸಂ.