ಶನಿವಾರದ ಸುದ್ದಿ ಗುರುವಾರವೇ ಬಂತು

ಪ್ರಶ್ನೆ: ನಮ್ಮ ಯಕ್ಷಗಾನ ಸಂಘದ ಪ್ರಶಸ್ತಿ ಪ್ರಕಟಣೆಯನ್ನು ಏಳು ವರದಿಗಾರರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದೆವು. ‘ಶನಿವಾರ ಸಂಜೆ 6ರ ನಂತರ ಪ್ರಕಟಿಸಿ’ ಎಂದು ಮೇಲೆ ಬರೆದಿದ್ದೆವು. ಒಬ್ಬರು ಗುರುವಾರವೇ ಹಾಕಿಬಿಟ್ಟರು. ಭಾಗವತರಿಗೆ ತಮ್ಮ ಪ್ರಶಸ್ತಿಯ ವಿಷಯ ಪೇಪರ್ ಓದಿ ತಿಳಿಯಿತು! ನೋಟಿಸ್ ಕೊಡಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೋಟಿಸ್‌ನ ದುಡ್ಡಿನಲ್ಲಿ ಭಾಗವತರಿಗೆ ಇನ್ನೊಂದು ಶಾಲು ತನ್ನಿ. ಅವರಿಗೆ ಹೇಳುವ ಮೊದಲೇ ಪೇಪರಿನವರಿಗೆ ಹೇಳಿದವರು ನೀವೇ ಅಲ್ಲವೇ?

ನೀವು ಹಾಕಿದ ಷರತ್ತಿಗೆ ನಮ್ಮಲ್ಲಿ ಎಂಬಾರ್ಗೊ ಎನ್ನುತ್ತಾರೆ. ಅದು ಕೋರ್ಟಿನ ತಡೆಯಾಜ್ಞೆಯಲ್ಲ, ಬರೀ ಮಾತಿನ ಒಪ್ಪಂದ. ‘ಶನಿವಾರದವರೆಗೆ ಇಟ್ಟುಕೊಳ್ಳುತ್ತೀರಾ?’ ಎಂದು ಮೊದಲು ಕೇಳಿ, ‘ಆಗಲಿ’ ಎಂದವರಿಗೆ ಮಾತ್ರ ಕಳುಹಿಸಬೇಕು. ‘ನೇಚರ್’ ವಿಜ್ಞಾನ ಪತ್ರಿಕೆಯೂ ಹೆಸರು ನೋಂದಾಯಿಸಿ ಷರತ್ತು ಒಪ್ಪಿದ ವರದಿಗಾರರಿಗಷ್ಟೇ ಲೇಖನಗಳನ್ನು ಮುಂಚಿತವಾಗಿ ಕೊಡುತ್ತದೆ. ಕೇಳದೆ ಕಳುಹಿಸಿದ್ದು ವಿನಂತಿ ಮಾತ್ರ.

ಹಾಗೆಂದು ವಿನಂತಿಯನ್ನು ಹಗುರವಾಗಿ ನೋಡುವವನು ನಾನಲ್ಲ. ಒಮ್ಮೆ ಪೆಟ್ಟು ತಿಂದಿದ್ದೇನೆ. ಕಾರವಾರದಲ್ಲಿ ವರದಿಗಾರನಾಗಿದ್ದಾಗ ಸಚಿವರೊಬ್ಬರ ಭಾಷಣದ ಪ್ರತಿ ಬೆಳಿಗ್ಗೆಯೇ ಕೈಸೇರಿತು. ‘ಭಾಷಣದ ನಂತರ ಮಾತ್ರ’ ಎಂಬ ಷರಾ ಇತ್ತು. ಆಗ ಸುದ್ದಿ ಹೋಗುತ್ತಿದ್ದದ್ದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ ಕವರಿನಲ್ಲಿ. ಸಂಜೆಯವರೆಗೆ ಕಾದರೆ ಬಸ್ಸು ತಪ್ಪುತ್ತದೆಂದು ‘ಹೇಳಿದರು’, ‘ಕರೆ ನೀಡಿದರು’ ಎಂದೆಲ್ಲ ಬರೆದು ಮಧ್ಯಾಹ್ನವೇ ಕಳುಹಿಸಿದೆ. ಬಸ್ಸು ಅರಬೈಲು ಘಟ್ಟ ದಾಟಿತು. ಅದರ ಹಿಂದೆಯೇ ಮಳೆಗೆ ಮರ ಬಿತ್ತು. ಸಚಿವರು ಯಲ್ಲಾಪುರದಿಂದಲೇ ವಾಪಸಾದರು. ಮರುದಿನದ ಪತ್ರಿಕೆಯಲ್ಲಿ ಮಾತ್ರ ಅವರು ಕಾರವಾರದ ‘ಕಿಕ್ಕಿರಿದ ಸಭೆ’ಯಲ್ಲಿ ಮಾತನಾಡಿದ್ದರು. ಕಿಕ್ಕಿರಿಸಿದ್ದು ನಾನೇ.

ಇನ್ನು, ಸುದ್ದಿ ಒಂದು ಕಡೆ ಹೊರಬಿದ್ದ ಮೇಲೆ ಉಳಿದವರನ್ನು ಕಟ್ಟಿಹಾಕುವುದು ಸರಿಯಲ್ಲ. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾದ ಸುದ್ದಿಯನ್ನು ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿಸಂಸ್ಥೆಯ ವರದಿಗಾರ ಎಡ್ವರ್ಡ್ ಕೆನೆಡಿ ಮಿತ್ರಪಡೆಗಳ ಸೇನೆ ಹಾಕಿದ್ದ ತಡೆ ಮೀರಿ ಕಳುಹಿಸಿದರು. ಜರ್ಮನ್ ರೇಡಿಯೊವೇ ಹೇಳಿಯಾಗಿದೆ, ಇನ್ನು ಬಚ್ಚಿಡುವುದೇನು ಎಂಬುದು ಅವರ ವಾದ. ಅವರ ಕೆಲಸ ಹೋಯಿತು. ಎಪಿ ಕ್ಷಮೆ ಕೇಳಿದ್ದು 2012ರಲ್ಲಿ, ಅವರು ತೀರಿಕೊಂಡು ದಶಕಗಳಾದ ಮೇಲೆ.

ನಿಮ್ಮ ಪತ್ರದಲ್ಲಿ ನನಗೆ ಮರುಕ ಹುಟ್ಟಿಸಿದ್ದು ಉಳಿದ ಆರು ಮಂದಿ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಕಾದು ಹಳಸಲು ಸುದ್ದಿ ಹಾಕಿದವರು ಅವರು. ಗುರುವಾರ ಬೆಳಿಗ್ಗೆಯೇ ‘ಇನ್ನು ಪ್ರಕಟಿಸಿ’ ಎಂದು ಅವರಿಗೆ ತಿಳಿಸಬೇಕಿತ್ತು. ಈಗಲಾದರೂ ಒಬ್ಬೊಬ್ಬರಿಗೂ ಫೋನ್ ಮಾಡಿ.